ಈ ದಡದಲ್ಲಿ ಜೈಲು, ಆ ದಡದಲ್ಲಿ ಪರವಾನಗಿ: ಮನ್ನಾರ್ ಕೊಲ್ಲಿಯ ಒಂದು ಪ್ರಕರಣ ಅಧ್ಯಯನ

ನೀರಿನಿಂದ ಆಗತಾನೆ ತೆಗೆದ ಕಡಲಸೌತೆ ಕಣ್ಣಿಗೆ ಹಿತವಾದ ಪ್ರಾಣಿಯೇನಲ್ಲ. ಗೇಣುದ್ದದ ಬೂದು ಮೈ, ತಲೆ ಯಾವುದು ಬಾಲ ಯಾವುದು ಎಂದು ತಿಳಿಯದ ಆಕಾರ, ಮುಟ್ಟಿದರೆ ನೆನೆದ ತೊಗಲಿನಂತೆ. ತಮಿಳಿನಲ್ಲಿ ಇದನ್ನು ‘ಕಡಲ್ ಅಟ್ಟೈ’ ಎನ್ನುತ್ತಾರೆ, ಕಡಲಿನ ಜಿಗಣೆ ಎಂದು ಅರ್ಥ. ಅದರ ಹೊಟ್ಟೆ ಸೀಳಿ, ಕರುಳು ತೆಗೆದು, ಬೇಯಿಸಿ, ಒದ್ದೆ ಮರಳಿನಲ್ಲಿ ಹೂತಿಡುತ್ತಾರೆ. ಆಮೇಲೆ ಹೊರತೆಗೆದು ಮೈಮೇಲಿನ ಸುಣ್ಣದ ಪದರವನ್ನು ಉಜ್ಜಿ, ಮತ್ತೊಮ್ಮೆ ಬೇಯಿಸಿ ಬಿಸಿಲಿಗೆ ಹರಡುತ್ತಾರೆ. ಕೊನೆಗೆ ಉಳಿಯುವುದು ಕಲ್ಲಿನಷ್ಟು ಗಟ್ಟಿಯಾದ ಕಪ್ಪು ತುಂಡು. ಹಾಂಗ್‌ಕಾಂಗ್, ಸಿಂಗಪುರ, ಚೀನಾದ ಔತಣಗಳಲ್ಲಿ ಆ ತುಂಡಿಗೆ ದೊಡ್ಡ ಬೆಲೆ.

ಇದೇ ಕೆಲಸವನ್ನು ತಮಿಳುನಾಡಿನ ಮಂಡಪಂ ದಡದಲ್ಲಿ ಮಾಡಿದರೆ ಅದು ವನ್ಯಜೀವಿ ಅಪರಾಧ. ಶ್ರೀಲಂಕಾದ ಮನ್ನಾರ್ ದಡದಲ್ಲಿ ಪರವಾನಗಿ ಪಡೆದು ಮಾಡಿದರೆ ಅದು ರಫ್ತು ವ್ಯಾಪಾರ. ಧನುಷ್ಕೋಡಿಗೂ ತಲೈಮನ್ನಾರಿಗೂ ನಡುವಿನ ದೂರ 30 ಕಿಲೋಮೀಟರಿನ ಆಸುಪಾಸು. ಒಂದೇ ಕಡಲು, ಒಂದೇ ಜಾತಿಯ ಪ್ರಾಣಿ, ಎರಡೂ ದಡಗಳಲ್ಲಿ ತಮಿಳು ಮಾತನಾಡುವ ಮೀನುಗಾರರು.

ನೆರೆಹೊರೆಯ ದೇಶಗಳು ಸಂರಕ್ಷಿತ ಕಡಲನ್ನು ಹೇಗೆ ಆಳುತ್ತವೆ ಎಂಬುದನ್ನು ನೋಡಲು ನಾನು ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ. ಇಲ್ಲಿ ಉದ್ಯಾನಗಳಿಗೆ ಕೊರತೆಯಿಲ್ಲ, ಕಾಯ್ದೆಗಳಿಗೂ ಕೊರತೆಯಿಲ್ಲ. ಆದರೂ ಕಡಲು ಸೊರಗುತ್ತಿದೆ. ಒಂದೇ ಜೀವಕ್ಕೆ ಎರಡು ಕಾನೂನುಗಳು ಎರಡು ಬೆಲೆ ಕಟ್ಟಿರುವಾಗ ಗಡಿಯ ಎರಡೂ ಬದಿಗೆ ಎಷ್ಟು ಉದ್ಯಾನ ಮಾಡಿದರೂ ಸಾಲದು ಎಂಬುದು ನನ್ನ ವಾದ.

ಜಾಗದ ಪರಿಚಯ

ಕರ್ನಾಟಕದಿಂದ ರಾಮೇಶ್ವರ ಯಾತ್ರೆಗೆ ಹೋದವರೆಲ್ಲ ಈ ಕಡಲನ್ನು ಕಂಡಿರುತ್ತಾರೆ. ಬಸ್ಸು ಪಾಂಬನ್ ಸೇತುವೆಯ ಮೇಲೆ ಸಾಗುವಾಗ ಎಡಗಡೆ ಕಾಣುವುದು ಪಾಕ್ ಕೊಲ್ಲಿ, ಬಲಗಡೆ ಮನ್ನಾರ್ ಕೊಲ್ಲಿ. ಸ್ಥಳೀಯರು ಶಾಂತವಾದ ಪಾಕ್ ಕೊಲ್ಲಿಯನ್ನು ಹೆಣ್ಣು ಕಡಲು ಎಂದೂ ಅಬ್ಬರದ ಮನ್ನಾರ್ ಕೊಲ್ಲಿಯನ್ನು ಗಂಡು ಕಡಲು ಎಂದೂ ಕರೆಯುತ್ತಾರೆ. 1964ರ ಡಿಸೆಂಬರಿನ ಚಂಡಮಾರುತದಲ್ಲಿ ನೆಲಸಮವಾದ ಧನುಷ್ಕೋಡಿಯನ್ನು ದಾಟಿ ಅರಿಚಲ್‌ಮುನೈ ತಲುಪಿದರೆ ರಸ್ತೆ ಮುಗಿಯುತ್ತದೆ. ಅಲ್ಲಿಂದ ಮುಂದೆ ರಾಮಸೇತುವಿನ ಮರಳ ದಿಬ್ಬಗಳು ಒಂದರ ಹಿಂದೊಂದು ಲಂಕೆಯ ಕಡೆಗೆ ಸಾಗುತ್ತವೆ.

ಪಾಕ್ ಕೊಲ್ಲಿಯ ಬಹುಭಾಗದ ಆಳ ಹದಿನೈದು ಮೀಟರಿನ ಒಳಗೇ ಇದೆ. ಬಿಸಿಲು ತಳ ಮುಟ್ಟುವುದರಿಂದ ಅಲ್ಲಿ ಕಡಲಹುಲ್ಲು ಹುಲುಸಾಗಿ ಬೆಳೆಯುತ್ತದೆ. ಹುಲ್ಲು ಮೇಯಲು ಕಡಲಹಸು (ಡುಗಾಂಗ್ ಎಂಬ ಕಡಲ ಸಸ್ತನಿ) ಬರುತ್ತದೆ, ಹುಲ್ಲಿನ ಬುಡದಲ್ಲಿ ಮೀನು, ಸೀಗಡಿ, ಏಡಿಗಳ ಮರಿಗಳು ಅಡಗುತ್ತವೆ, ತಳದ ಮರಳನ್ನು ಕಡಲಸೌತೆ ನುಂಗಿ ಅದರೊಳಗಿನ ಕೊಳೆತ ಸಾರವನ್ನು ಹೀರಿ ಶುದ್ಧ ಮರಳನ್ನು ಹೊರಹಾಕುತ್ತದೆ. ಹೊಲಕ್ಕೆ ಎರೆಹುಳ ಹೇಗೋ ಈ ಕಡಲತಳಕ್ಕೆ ಅದು ಹಾಗೆ. ಈ ಉಪಮೆಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದಿನ ಜಗಳವೆಲ್ಲ ಈ ಎರೆಹುಳದ ಸುತ್ತಲೇ ಇದೆ.

ಭಾರತದ ದಾರಿ: ಕಡಲನ್ನು ಕಾಡೆಂದು ಕಾಯುವುದು

ತಮಿಳುನಾಡು ಸರ್ಕಾರ 1986ರಲ್ಲಿ ಮನ್ನಾರ್ ಕೊಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವನ್ನು ಘೋಷಿಸಿತು. ಪಾಂಬನ್‌ನಿಂದ ತೂತ್ತುಕುಡಿಯವರೆಗೆ ಹಬ್ಬಿದ 21 ಪುಟ್ಟ ದ್ವೀಪಗಳು ಮತ್ತು ಅವುಗಳ ಸುತ್ತಲಿನ ನೀರು ಸೇರಿ 560 ಚದರ ಕಿಲೋಮೀಟರ್. ಮೂರು ವರ್ಷಗಳ ನಂತರ ಅದನ್ನು ಒಳಗೊಂಡ 10,500 ಚದರ ಕಿಲೋಮೀಟರಿನ ಜೀವಗೋಳ ಮೀಸಲು ಪ್ರದೇಶ ಬಂತು. 2001ರಲ್ಲಿ ಯುನೆಸ್ಕೊದ ಜೀವಗೋಳ ಮೀಸಲುಗಳ ಪಟ್ಟಿಗೂ ಸೇರಿತು.

ಇದನ್ನು ಆಳುವುದು ಅರಣ್ಯ ಇಲಾಖೆ, ಆಧಾರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಆ ಕಾಯ್ದೆಯನ್ನು ಬರೆದವರ ಕಣ್ಣೆದುರು ಇದ್ದದ್ದು ನೆಲದ ಮೇಲಿನ ಕಾಡು. ಬೇಲಿ ಹಾಕಬಹುದಾದ, ಗೇಟು ಇಡಬಹುದಾದ ಜಾಗ. 1991ರ ತಿದ್ದುಪಡಿಯಲ್ಲಿ ಕಡಲಿಗಾಗಿ ಒಂದಿಷ್ಟು ಮಾತು ಸೇರಿತು: ರಾಜ್ಯ ಸರ್ಕಾರ ಪ್ರಾದೇಶಿಕ ಜಲಭಾಗವನ್ನು ಅಭಯಾರಣ್ಯಕ್ಕೆ ಸೇರಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕು, ಎಲ್ಲೆಯನ್ನು ನೌಕಾಪಡೆಯ ಮುಖ್ಯ ಜಲಮಾಪಕರ ಸಲಹೆಯಂತೆ ಗುರುತಿಸಬೇಕು, ಸ್ಥಳೀಯ ಮೀನುಗಾರರ ಕಸುಬಿನ ಹಿತ ಕಾಯಲು ಸಾಕಷ್ಟು ಕ್ರಮ ಕೈಗೊಳ್ಳಬೇಕು. ಮೂರನೆಯ ಮಾತು ಬಹಳ ದೊಡ್ಡದು. ಮನ್ನಾರ್ ಕೊಲ್ಲಿಯಲ್ಲಿ ಅದಕ್ಕೆ ಸಿಗಬೇಕಾದ ತೂಕ ಸಿಕ್ಕಿಲ್ಲ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಹಾಗೆಂದು ಉದ್ಯಾನದ ಅಗತ್ಯವೇ ಇರಲಿಲ್ಲ ಎಂದಲ್ಲ. ದಶಕಗಳ ಕಾಲ ಇಲ್ಲಿ ಹವಳದ ದಿಬ್ಬಗಳನ್ನು ಸಬ್ಬಲಿನಿಂದ ಒಡೆದು ದೋಣಿ ತುಂಬ ಸಾಗಿಸಿ ಸುಣ್ಣದ ಗೂಡುಗಳಿಗೂ ಕಾರ್ಖಾನೆಗಳಿಗೂ ಮಾರಿದರು. ಹವಳ ಹೋದರೆ ಅಲೆಯ ಪೆಟ್ಟು ನೇರವಾಗಿ ದ್ವೀಪದ ಮರಳಿಗೆ ಬೀಳುತ್ತದೆ. ವಿಲಾಂಗುಚಲ್ಲಿ ಮತ್ತು ಪೂವರಸನ್‌ಪಟ್ಟಿ ಎಂಬ ಎರಡು ದ್ವೀಪಗಳು ಹೀಗೆಯೇ ನೀರಿನಡಿಗೆ ಹೋದವು. 21ರ ಲೆಕ್ಕದಲ್ಲಿ ಅವುಗಳ ಹೆಸರು ಇಂದಿಗೂ ಇದೆ, ನೆಲ ಇಲ್ಲ. ವಾನ್ ದ್ವೀಪವೂ ಅದೇ ಹಾದಿಯಲ್ಲಿತ್ತು. 2015ರಿಂದ ಅದರ ಎದುರು ಕೃತಕ ದಿಬ್ಬಗಳನ್ನು ಇಳಿಸಿ ಅಲೆಯ ಬಲ ಕುಗ್ಗಿಸಿದ್ದರಿಂದ ಅದು ಸದ್ಯಕ್ಕೆ ಉಳಿದಿದೆ. ಹವಳ ಅಗೆಯುವುದನ್ನು ನಿಲ್ಲಿಸಿದ್ದು ಅರಣ್ಯ ಇಲಾಖೆಯ ದೊಡ್ಡ ಸಾಧನೆ, ಅದನ್ನು ಮನಸಾರೆ ಒಪ್ಪಿಕೊಳ್ಳಬೇಕು.

ಕಡಲಸೌತೆಯ ಕತೆ ಹಾಗಾಗಲಿಲ್ಲ. 1982ರಲ್ಲಿ ಮೊದಲ ನಿಯಮ ಬಂತು: 7.5 ಸೆಂಟಿಮೀಟರಿಗಿಂತ ಚಿಕ್ಕದನ್ನು ರಫ್ತು ಮಾಡುವಂತಿಲ್ಲ. 1988ರಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತೂತ್ತುಕುಡಿಯಲ್ಲಿ ಬಿಳಿ ಕಡಲಸೌತೆಯ ಮರಿಗಳನ್ನು ತೊಟ್ಟಿಯಲ್ಲಿ ಹುಟ್ಟಿಸುವಲ್ಲಿ ಗೆದ್ದರು. ಸಾಕಿ ಬೆಳೆಸುವ ದಾರಿ ಆಗಲೇ ತೆರೆದಿತ್ತು. 2001ರಲ್ಲಿ ಕೇಂದ್ರ ಸರ್ಕಾರ ಎಲ್ಲ ಜಾತಿಯ ಕಡಲಸೌತೆಗಳನ್ನೂ ಕಾಯ್ದೆಯ ಒಂದನೇ ಅನುಸೂಚಿಗೆ, ಎಂದರೆ ಹುಲಿ ಆನೆಗಳ ಸಾಲಿಗೆ, ಸೇರಿಸಿತು. ಆ ಸಾಲಿನ ಪ್ರಾಣಿಯನ್ನು ಹಿಡಿದವರಿಗೆ 3ರಿಂದ 7 ವರ್ಷ ಜೈಲು. ಪೀಳಿಗೆಗಳಿಂದ ಮುಳುಗಿ ಬದುಕುತ್ತಿದ್ದ ಕುಟುಂಬಗಳ ಕಸುಬು ಒಂದೇ ಅಧಿಸೂಚನೆಯಲ್ಲಿ ಅಪರಾಧವಾಯಿತು. ತೊಟ್ಟಿಯಲ್ಲಿ ಹುಟ್ಟಿದ ಮರಿಗಳಿಗೂ ಕಡಲಲ್ಲಿ ಹುಟ್ಟಿದವುಗಳಿಗೂ ಕಾನೂನು ವ್ಯತ್ಯಾಸ ಮಾಡಲಿಲ್ಲವಾದ್ದರಿಂದ ಸಾಕಣೆಯ ದಾರಿಯೂ ಮುಚ್ಚಿತು.

ನಿಷೇಧದ ಇನ್ನೊಂದು ಪರಿಣಾಮ ಯಾರ ಗಮನಕ್ಕೂ ಬೇಗ ಬಾರದಂಥದ್ದು. ಕಾನೂನುಬದ್ಧ ಕಸುಬಿದ್ದಾಗ ದಡಕ್ಕೆ ಎಷ್ಟು ಬಂತು, ಯಾವ ಅಳತೆಯದು ಬಂತು ಎಂಬ ಲೆಕ್ಕ ಸಿಗುತ್ತದೆ. ಕಳ್ಳತನದಲ್ಲಿ ಹಿಡಿದದ್ದಕ್ಕೆ ಲೆಕ್ಕವಿಲ್ಲ. ಕೋಸ್ಟ್ ಗಾರ್ಡ್ ಮತ್ತು ಅರಣ್ಯ ಸಿಬ್ಬಂದಿ ವಶಪಡಿಸಿಕೊಂಡ ಚೀಲಗಳೇ ಅಂಕಿಅಂಶವಾಗಿ ಉಳಿದಿವೆ. ಕಾಯುವ ಪ್ರಾಣಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಚೀಲದ ತೂಕ ಹೇಳಲಾರದು.

ದ್ವೀಪದ ಹೆಂಗಸರು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಕಡಲಿನ ಅತ್ಯುತ್ತಮ ಆಡಳಿತ ಯಾವ ಕಚೇರಿಯಲ್ಲೂ ಹುಟ್ಟಲಿಲ್ಲ.

ರಾಮನಾಥಪುರದ ಕರಾವಳಿ ಹಳ್ಳಿಗಳ ಸಾವಿರಾರು ಹೆಂಗಸರು ಕಡಲಪಾಚಿ ಕಿತ್ತು ಬದುಕುತ್ತಾರೆ. ಸೀರೆಯ ಮೇಲೆ ಗಂಡಸರ ಅಂಗಿ, ಕಣ್ಣಿಗೆ ಕನ್ನಡಕ, ಸೊಂಟಕ್ಕೆ ಬಲೆಚೀಲ, ಹವಳದ ಚೂಪು ತಾಗದಂತೆ ಬೆರಳುಗಳಿಗೆ ಬಟ್ಟೆಯ ಪಟ್ಟಿ. ಉಸಿರು ಬಿಗಿಹಿಡಿದು ಮುಳುಗಿ, ಒಂದು ಹಿಡಿ ಕಿತ್ತು, ಮೇಲೆ ಬಂದು ಉಸಿರೆಳೆದು, ಮತ್ತೆ ಮುಳುಗುತ್ತಾರೆ. ಬೆಳಗಿನಿಂದ ಗಂಟೆಗಟ್ಟಲೆ ಇದೇ ಕೆಲಸ. ಅಗಾರ್ ಎಂಬ ಅಂಟುಪದಾರ್ಥ ಮಾಡಲು ಬೇಕಾದ ‘ಮರಿಕೊಳುಂದು’ ಪಾಚಿ ದ್ವೀಪಗಳ ಸುತ್ತಲಿನ ಹವಳದ ಮೇಲೆಯೇ ಚೆನ್ನಾಗಿ ಬೆಳೆಯುವುದರಿಂದ ಇವರು ಹೋಗಬೇಕಾದ್ದು ಉದ್ಯಾನದ ಎಲ್ಲೆಯೊಳಕ್ಕೆ. ಕಾವಲು ಬಿಗಿಯಾದಾಗ ಮೊದಲು ಸಿಕ್ಕಿಬಿದ್ದವರು ಇವರೇ. ದೋಣಿ ತಡೆದರು, ಪಾಚಿ ಕಸಿದರು, ದಂಡ ಹಾಕಿದರು.

ಅವರು ಕೈಕಟ್ಟಿ ಕೂರಲಿಲ್ಲ. ತಮ್ಮ ಸಂಘದಲ್ಲಿ ಕುಳಿತು ತಮಗೆ ತಾವೇ ಕಟ್ಟಳೆ ಮಾಡಿಕೊಂಡರು. ತಿಂಗಳಿನಲ್ಲಿ ಕೆಲವೇ ದಿನ ಕೀಳುವುದು, ಪಾಚಿ ಬಲಿಯುವ ಕಾಲದಲ್ಲಿ ಕೆಲಸ ಪೂರ್ತಿ ನಿಲ್ಲಿಸುವುದು, ಹವಳ ಕೆರೆಯುವ ಲೋಹದ ಸಾಧನ ಬಿಟ್ಟು ಕೈಯಿಂದಲೇ ಕೀಳುವುದು. ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಅವರಿಗೆ ಈ ಮುಂದಾಳುತನಕ್ಕಾಗಿ 2015ರಲ್ಲಿ ಅಂತರರಾಷ್ಟ್ರೀಯ ಸೀಕಾಲಜಿ ಪ್ರಶಸ್ತಿ ಬಂತು. ಶಾಲೆಯ ಓದು ಹೆಚ್ಚಿಲ್ಲದ ಹೆಂಗಸರು ಕಡಲಿನ ಋತುಮಾನ ನೋಡಿ ಮಾಡಿಕೊಂಡ ಈ ನಿಯಮಗಳು ಸರ್ಕಾರದ ಎಷ್ಟೋ ಅಧಿಸೂಚನೆಗಳಿಗಿಂತ ಸೂಕ್ಷ್ಮವಾಗಿವೆ. ಅವು ನಡೆಯುತ್ತಿರುವುದು ಪರಸ್ಪರ ನಂಬಿಕೆಯ ಮೇಲೆ, ಕಾನೂನಿನ ಮಾನ್ಯತೆ ಇಲ್ಲದೆ. ನನಗೆ ಇದು ಈ ಇಡೀ ಪ್ರಕರಣದ ಅತಿ ನೋವಿನ ಸಂಗತಿ.

ಶ್ರೀಲಂಕಾದ ದಾರಿ: ಎರಡು ಇಲಾಖೆ, ಎರಡು ನೋಟ

ಎದುರು ದಡದಲ್ಲಿ ಕಡಲಿಗೆ ಇಬ್ಬರು ಯಜಮಾನರು. ವನ್ಯಜೀವಿ ಸಂರಕ್ಷಣಾ ಇಲಾಖೆ 1937ರ ಪ್ರಾಣಿ ಮತ್ತು ಸಸ್ಯ ಸಂರಕ್ಷಣಾ ಸುಗ್ರೀವಾಜ್ಞೆಯಡಿ ಉದ್ಯಾನ, ಅಭಯಾರಣ್ಯಗಳನ್ನು ನೋಡಿಕೊಳ್ಳುತ್ತದೆ. ಮೀನುಗಾರಿಕೆ ಇಲಾಖೆ 1996ರ ಕಾಯ್ದೆಯಡಿ ದೋಣಿ, ಬಲೆ, ಮುಳುಗುವವರ ಪರವಾನಗಿ, ರಫ್ತು ಇವನ್ನು ನೋಡುತ್ತದೆ. ಕಲ್ಪಿಟಿಯದ ಹತ್ತಿರದ ಬಾರ್ ರೀಫ್ 1992ರಲ್ಲಿ ಅಭಯಾರಣ್ಯವಾಯಿತು, ವಿಸ್ತೀರ್ಣ ಸುಮಾರು 307 ಚದರ ಕಿಲೋಮೀಟರ್. ಅಲ್ಲಿನ ಕಾನೂನಿನಲ್ಲಿ ಅಭಯಾರಣ್ಯ ಎಂಬುದು ರಾಷ್ಟ್ರೀಯ ಉದ್ಯಾನಕ್ಕಿಂತ ಸಡಿಲ. ಜನ ಒಳಗೆ ಹೋಗಬಹುದು, ಮೀನು ಹಿಡಿಯಬಹುದು. 1998ರ ಬಿಸಿ ಕಡಲಿಗೆ ಬಾರ್ ರೀಫ್‌ನ ಹವಳ ಬಹುಪಾಲು ಬಿಳಿಚಿ ಸತ್ತಿತು. ವರ್ಷಗಳ ನಂತರ ಚಿಗುರಿದ್ದು 2016ರಲ್ಲಿ ಮತ್ತೆ ಸುಟ್ಟಿತು. ಅದೇ 2016ರಲ್ಲಿ ಈಚೆಯ ಮನ್ನಾರ್ ಕೊಲ್ಲಿಯ ಹವಳವೂ ಬಿಳಿಚಿತು.

ಅಲ್ಲಿನ ಅಂತರ್ಯುದ್ಧ ಮುಗಿದು ಆರು ವರ್ಷಗಳ ಮೇಲೆ, 2015ರಲ್ಲಿ, ರಾಮಸೇತುವಿನ ತಮ್ಮ ಪಾಲಿನ ಭಾಗವನ್ನು ಶ್ರೀಲಂಕಾ ಆಡಮ್ಸ್ ಬ್ರಿಡ್ಜ್ ರಾಷ್ಟ್ರೀಯ ಉದ್ಯಾನವನ್ನಾಗಿ ಘೋಷಿಸಿತು. ನೆಡುಂತೀವು, ಚುಂಡಿಕ್ಕುಳಂ ಕೂಡ ಅದೇ ಸುತ್ತಿನಲ್ಲಿ ಬಂದವು. ಘೋಷಣೆ ಸುಲಭ, ಕಾವಲು ಕಷ್ಟ ಎಂಬುದು ಅಲ್ಲಿಯೂ ಸತ್ಯ. ಮನ್ನಾರ್ ಜಿಲ್ಲೆಯ ವಿಡತ್ತಲ್‌ತೀವು ಮೀಸಲು ಪ್ರದೇಶದ ಒಂದು ಭಾಗವನ್ನು ಜಲಕೃಷಿಗಾಗಿ ಕೈಬಿಡಲು 2024ರಲ್ಲಿ ಸರ್ಕಾರವೇ ಹೊರಟಾಗ ಪರಿಸರವಾದಿಗಳು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಕಡಲಸೌತೆ ಅಲ್ಲಿ ಮೀನುಗಾರಿಕೆ ಇಲಾಖೆಯ ಪಾಲಿನದು. ಮುಳುಗುವವರಿಗೆ, ಸಾಗಿಸುವವರಿಗೆ, ರಫ್ತು ಮಾಡುವವರಿಗೆ ಬೇರೆ ಬೇರೆ ಪರವಾನಗಿ. ಇತ್ತೀಚಿನ ವರ್ಷಗಳಲ್ಲಿ ಜಾಫ್ನಾ, ಕಿಳಿನೊಚ್ಚಿ, ಮನ್ನಾರ್ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಬಲೆಯ ಬೇಲಿ ಹಾಕಿ ಸಾಕುವ ತೋಟಗಳೂ ಹೆಚ್ಚಿವೆ. ಆಲೋಚನೆ ಒಳ್ಳೆಯದೇ. ಆದರೆ ಆ ಬೇಲಿಗಳು ಎದ್ದದ್ದು ಸಣ್ಣ ಮೀನುಗಾರರು ಸೀಗಡಿ, ಏಡಿ ಹಿಡಿಯುತ್ತಿದ್ದ ಕಡಲಹುಲ್ಲಿನ ಮೇಲೆ. ಊರಿನ ಗೋಮಾಳಕ್ಕೆ ಯಾರೋ ಬೇಲಿ ಹಾಕಿದಾಗ ಆಗುವ ಸಂಕಟವೇ ಅಲ್ಲಿನ ಪ್ರತಿಭಟನೆಗಳಲ್ಲಿ ಕೇಳಿಬಂತು.

ಈಗ ಎರಡೂ ದಡಗಳನ್ನು ಒಟ್ಟಿಗೆ ನೋಡಿದರೆ ಕಳ್ಳಸಾಗಣೆಯ ಲೆಕ್ಕ ತಾನಾಗಿ ತೆರೆದುಕೊಳ್ಳುತ್ತದೆ. ಭಾರತದ ನೀರಿನಲ್ಲಿ ಕದ್ದು ಹಿಡಿದ ಕಡಲಸೌತೆಯನ್ನು ತೋಪಿನ ಮರೆಯಲ್ಲೋ ಗುಡಿಸಲ ಹಿಂದೆಯೋ ಬೇಯಿಸಿ, ರಾತ್ರಿ ವೇಗದ ದೋಣಿಯಲ್ಲಿ ಗಡಿ ದಾಟಿಸಿದರೆ ಸಾಕು. ಒಣಗಿದ ಕಪ್ಪು ತುಂಡಿನ ಮೇಲೆ ಅದು ಯಾವ ನೀರಿನದು ಎಂದು ಬರೆದಿರುವುದಿಲ್ಲ. ಆಚೆ ದಡ ಸೇರಿದ ಮೇಲೆ ಅದಕ್ಕೆ ಶ್ರೀಲಂಕಾದ ಕಾಗದ ಸಿಗುತ್ತದೆ. ಭಾರತ ಕಾವಲು ಬಿಗಿ ಮಾಡಿದಷ್ಟೂ ಸರಕಿನ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಅಪಾಯಕ್ಕೆ ಇಳಿಯುವವರು ಸಿಗುತ್ತಾರೆ. ಹಿಡಿಯುವ ಬಡವನಿಗೆ ಪುಡಿಗಾಸು, ಸಿಕ್ಕಿಬಿದ್ದರೆ ಜೈಲೂ ಅವನಿಗೇ.

ಗೆರೆ ಎಳೆದವರು ನೆನೆದದ್ದು ಏನನ್ನು?

ಗಡಿರೇಖೆ ಬಂದದ್ದು 1974 ಮತ್ತು 1976ರ ಒಪ್ಪಂದಗಳಲ್ಲಿ. ಮೊದಲನೆಯದು ಪಾಕ್ ಕೊಲ್ಲಿಯನ್ನು ಹಂಚಿ ಕಚ್ಚತೀವು ಎಂಬ ಪುಟ್ಟ ದ್ವೀಪವನ್ನು ಶ್ರೀಲಂಕಾದ ಬದಿಗೆ ಬಿಟ್ಟಿತು, ಎರಡನೆಯದು ಮನ್ನಾರ್ ಕೊಲ್ಲಿಯನ್ನು ಹಂಚಿತು. ಕಚ್ಚತೀವಿನ ಬಗ್ಗೆ ನಮ್ಮಲ್ಲಿ ಚುನಾವಣೆ ಬಂದಾಗಲೆಲ್ಲ ಮಾತು ಕೇಳುತ್ತೇವೆ. ಆ ಒಪ್ಪಂದದ ಏಳನೆಯ ವಿಧಿಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ತೈಲ, ಅನಿಲ, ಖನಿಜ, ಕೊನೆಗೆ ಮರಳು ಮತ್ತು ಜಲ್ಲಿಯ ನಿಕ್ಷೇಪ ಕೂಡ ಗೆರೆಯ ಎರಡೂ ಬದಿಗೆ ಹಬ್ಬಿದ್ದರೆ ಅದನ್ನು ಹೇಗೆ ಬಳಸಬೇಕೆಂದು ಎರಡೂ ದೇಶಗಳು ಕೂತು ಒಪ್ಪಂದಕ್ಕೆ ಬರಲು ಯತ್ನಿಸಬೇಕು ಎಂದು ಅಲ್ಲಿ ಬರೆದಿದೆ. ಜಲ್ಲಿಗೂ ಒಂದು ಮಾತು ಸಿಕ್ಕಿತು. ಗೆರೆಯ ಎರಡೂ ಬದಿಗೆ ಹಬ್ಬಿದ ಕಡಲಹುಲ್ಲಿಗೆ, ಅದನ್ನು ಮೇಯುವ ಪ್ರಾಣಿಗೆ ಅಂಥ ವಿಧಿ ಇಲ್ಲ.

ಮೀನುಗಾರಿಕೆಯ ಜಗಳ ಈ ಕೊರತೆಯನ್ನು ದಿನವೂ ತೋರಿಸುತ್ತದೆ. ರಾಮೇಶ್ವರದ ಟ್ರಾಲರುಗಳು ತಳವನ್ನೇ ಗೋರುವ ಬಲೆ ಎಳೆಯುತ್ತ ರಾತ್ರಿ ಗೆರೆ ದಾಟುತ್ತವೆ. ಯುದ್ಧದ ಕಾಲದಲ್ಲಿ ಕಡಲಿಗಿಳಿಯಲು ಆಗದೆ ಬಡವಾದ ಉತ್ತರ ಶ್ರೀಲಂಕಾದ ತಮಿಳು ಮೀನುಗಾರರ ಬಲೆಗಳು ಅವುಗಳಡಿ ಹರಿದುಹೋಗುತ್ತವೆ. ಶ್ರೀಲಂಕಾ 2017ರಲ್ಲಿ ತಳಗೋರುವ ಟ್ರಾಲಿಂಗನ್ನು ಕಾನೂನಿನಿಂದಲೇ ನಿಷೇಧಿಸಿತು. ಭಾರತದಲ್ಲಿ ಅದು ಇಂದಿಗೂ ಕಾನೂನುಬದ್ಧ. ಅದೇ 2017ರಲ್ಲಿ ಪಾಕ್ ಕೊಲ್ಲಿಯ ಟ್ರಾಲರುಗಳನ್ನು ಬಿಡಿಸಿ ಆಳಸಮುದ್ರದ ದೋಣಿಗಳಿಗೆ ಕಳಿಸುವ ಯೋಜನೆ ಬಂತು: ಒಂದು ದೋಣಿಗೆ 80 ಲಕ್ಷ ರೂಪಾಯಿ, ಅದರಲ್ಲಿ ಅರ್ಧ ಕೇಂದ್ರದ್ದು, ಐದನೇ ಒಂದು ಭಾಗ ರಾಜ್ಯದ್ದು, ಉಳಿದದ್ದು ಸಾಲ ಮತ್ತು ಮೀನುಗಾರನ ಪಾಲು. 2,000 ದೋಣಿಗಳ ಗುರಿಯ ಹತ್ತಿರಕ್ಕೂ ಅದು ಹೋಗಲಿಲ್ಲ. ದಿನ ಬೆಳಗಾದರೆ ಮನೆಗೆ ಮರಳುವ ಕಸುಬಿನವರಿಗೆ ವಾರಗಟ್ಟಲೆ ಕಡಲಲ್ಲಿರುವ ಕಸುಬು ಹಿಡಿಸುವುದಿಲ್ಲ ಎಂಬುದು ಮಲ್ಪೆ, ಹೊನ್ನಾವರದ ನಾಡದೋಣಿಯವರನ್ನು ಕೇಳಿದ್ದರೂ ತಿಳಿಯುತ್ತಿತ್ತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್, ಜುಲೈನಲ್ಲಿ ಇರುವ ಯಾಂತ್ರಿಕ ಮೀನುಗಾರಿಕೆಯ ರಜೆಯಂತೆ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ರಜೆ. ಜಾಫ್ನಾದ ಮೀನುಗಾರರು ಆ ಎರಡು ತಿಂಗಳು ಮಾತ್ರ ನಿಶ್ಚಿಂತೆಯಿಂದ ಬಲೆ ಬಿಡುತ್ತಾರೆ. ಆದರೆ ಅದು ಭಾರತದ ನಿಯಮವಷ್ಟೇ. ಇಡೀ ಕೊಲ್ಲಿ ಏಕಕಾಲಕ್ಕೆ ಉಸಿರಾಡುವ ಒಂದು ದಿನವೂ ವರ್ಷದಲ್ಲಿ ಇಲ್ಲ.

ಕಡಲಹಸುವಿನಿಂದ ಆರಂಭಿಸಬಹುದು

ಸಂಧಾನದ ಮೇಜುಗಳು ಇಲ್ಲವೆಂದಲ್ಲ. 2016ರಲ್ಲಿ ಜಂಟಿ ಕಾರ್ಯಪಡೆಯೊಂದನ್ನು ರಚಿಸಿದರು. ಅಲ್ಲಿ ಚರ್ಚೆಯಾಗುವುದು ಬಂಧಿತ ಮೀನುಗಾರರು, ಜಪ್ತಿಯಾದ ದೋಣಿಗಳು. ಅವು ತುರ್ತು ವಿಷಯಗಳೇ, ಮನೆಯವರು ಕಣ್ಣೀರಿಟ್ಟು ಕಾಯುತ್ತಿರುತ್ತಾರೆ. ಆದರೆ ಆ ಮೇಜಿನ ಸುತ್ತ ಉದ್ಯಾನ ಕಾಯುವ ಇಲಾಖೆಗಳಿಗೂ ಗಟ್ಟಿ ಜಾಗ ಬೇಕು.

ಯುರೋಪಿನ ವಾಡನ್ ಕಡಲಿನ ಉದಾಹರಣೆ ನನಗೆ ಇಲ್ಲಿ ಉಪಯುಕ್ತವಾಗಿ ಕಾಣುತ್ತದೆ. ನೆದರ್ಲೆಂಡ್ಸ್, ಜರ್ಮನಿ, ಡೆನ್ಮಾರ್ಕ್ ದೇಶಗಳು 1982ರಲ್ಲಿ ಜಂಟಿ ಘೋಷಣೆ ಮಾಡಿ, 1987ರಲ್ಲಿ ವಿಲ್ಹೆಲ್ಮ್ಸ್‌ಹಾಫನ್‌ನಲ್ಲಿ ಒಂದು ಸಣ್ಣ ಕಚೇರಿ ತೆರೆದವು. ಮರುವರ್ಷ ರೋಗ ಬಡಿದು ಸೀಲ್ ಪ್ರಾಣಿಗಳು ಸಾವಿರಗಟ್ಟಲೆ ಸತ್ತವು. 1990ರಲ್ಲಿ ಸೀಲ್‌ಗಳಿಗಾಗಿಯೇ ಮೂರೂ ದೇಶಗಳು ಒಪ್ಪಂದ ಮಾಡಿಕೊಂಡವು. ಯಾರೂ ತಮ್ಮ ಸಾರ್ವಭೌಮತ್ವ ಬಿಟ್ಟುಕೊಡಲಿಲ್ಲ, ಉದ್ಯಾನಗಳು ಆಯಾ ದೇಶದ ಕಾನೂನಿನಲ್ಲೇ ಉಳಿದವು. ಒಂದೇ ಕಾಲದಲ್ಲಿ, ಒಂದೇ ವಿಧಾನದಲ್ಲಿ ಎಣಿಸುವುದು, ಯಾರ ನೀರಿನಲ್ಲಿದ್ದರೂ ಬೇಟೆ ಇಲ್ಲ ಎನ್ನುವುದು, ಇಷ್ಟರಿಂದ ಜಂಟಿ ಕೆಲಸ ಬೇರೂರಿತು.

ಪಾಕ್ ಕೊಲ್ಲಿಯ ಸೀಲ್ ಎಂದರೆ ಕಡಲಹಸು. ಎರಡೂ ದೇಶಗಳ ಕಾನೂನು ಅದರ ವಿಷಯದಲ್ಲಿ ಒಂದೇ ಮಾತು ಹೇಳುತ್ತದೆ, ಹಿಡಿಯಕೂಡದು. ವಲಸೆ ಪ್ರಾಣಿಗಳ ಒಡಂಬಡಿಕೆಯ ಕಡಲಹಸು ಒಪ್ಪಂದಕ್ಕೆ ಭಾರತ 2008ರಲ್ಲಿ, ಶ್ರೀಲಂಕಾ 2012ರಲ್ಲಿ ಸಹಿ ಹಾಕಿವೆ. ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ತಂಜಾವೂರು, ಪುದುಕ್ಕೋಟ್ಟೈ ಕರಾವಳಿಯ 448 ಚದರ ಕಿಲೋಮೀಟರನ್ನು ದೇಶದ ಮೊದಲ ಕಡಲಹಸು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಅಲ್ಲಿ ಬಲೆಗೆ ಬಿದ್ದ ಕಡಲಹಸುವನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರರಿಗೆ ಸನ್ಮಾನ, ಬಹುಮಾನ ಸಲ್ಲುತ್ತದೆ. ಕತ್ತರಿಸಿದ ಬಲೆ ಎಂದರೆ ಒಂದು ಕುಟುಂಬದ ತಿಂಗಳುಗಳ ದುಡಿಮೆ, ಅದನ್ನು ಅರಿತು ನಡೆದುಕೊಂಡ ಇಲಾಖೆಗೆ ನನ್ನ ಮೆಚ್ಚುಗೆ. ಕಡಲಹಸು ಮತ್ತು ಕಡಲಹುಲ್ಲಿಗಾಗಿ 2015ರಿಂದ ನಡೆದ ಎಂಟು ದೇಶಗಳ ಜಾಗತಿಕ ಯೋಜನೆಯಲ್ಲಿ ಶ್ರೀಲಂಕಾ ಇತ್ತು, ಭಾರತ ಇರಲಿಲ್ಲ. ಒಂದೇ ಹುಲ್ಲುಗಾವಲಿನ ಎರಡು ಅರ್ಧಗಳನ್ನು ಎರಡು ತಂಡಗಳು ಬೇರೆ ಬೇರೆಯಾಗಿ ಅಳೆದವು.

ಮೊದಲ ಹೆಜ್ಜೆಯಾಗಿ ಈ ಎಣಿಕೆಯನ್ನು ಒಂದಾಗಿಸಬೇಕು. ಎರಡನೆಯದು ಕಡಲಸೌತೆ. ಭಾರತ ಸಾಕಿದ ಮರಿಗಳಿಗೂ ಕಡಲಿನವುಗಳಿಗೂ ವ್ಯತ್ಯಾಸ ಒಪ್ಪಿ, ಚಿನ್ನಪಾಲಂನಂಥ ಹಳ್ಳಿಗಳ ಸಂಘಗಳಿಗೆ ಸಾಕಣೆಯ ಹಕ್ಕು ಕೊಡಬೇಕು. ಶ್ರೀಲಂಕಾ ರಫ್ತಿನ ಪ್ರತಿ ಚೀಲಕ್ಕೂ ಹಿಡಿದ ಜಾಗದ ಪುರಾವೆ ಕೇಳಬೇಕು. ಎರಡೂ ಕಡೆ ಮೊಟ್ಟೆಯಿಡುವ ಕಾಲಕ್ಕೆ ಒಂದೇ ರಜೆ ಇರಬೇಕು. ಇವು ಒಂದೇ ಸಲಕ್ಕೆ ಆಗುವುದಿಲ್ಲ. ನಿಷೇಧವನ್ನು ಸಡಿಲಿಸಿದರೆ ಕಡಲು ಬರಿದಾದೀತು ಎಂದು ಹೆದರುವ ಅರಣ್ಯಾಧಿಕಾರಿಗಳ ಮಾತಿನಲ್ಲೂ ಹುರುಳಿದೆ, 2001ಕ್ಕೆ ಮುಂಚಿನ ಲೂಟಿಯ ನೆನಪು ಅವರಿಗಿದೆ. ಆದರೆ ಸಾಕಣೆಯ ಬಾಗಿಲನ್ನೂ ಮುಚ್ಚಿಟ್ಟು ಲೂಟಿ ತಡೆಯುವ ಪ್ರಯೋಗ ಎರಡು ದಶಕಗಳಿಗೂ ಮಿಕ್ಕಿ ನಡೆದಿದೆ, ಮಂಡಪಂನಲ್ಲಿ ಚೀಲಗಳು ಇನ್ನೂ ಸಿಗುತ್ತಲೇ ಇವೆ.

ಎರಡೂ ದಡದ ಜನ ಒಂದೆಡೆ ಕೂಡುವ ಒಂದು ಸಂದರ್ಭ ಈಗಲೂ ಇದೆ. ಪ್ರತಿವರ್ಷ ಫೆಬ್ರುವರಿ ಇಲ್ಲವೇ ಮಾರ್ಚ್‌ನಲ್ಲಿ ಕಚ್ಚತೀವಿನ ಸಂತ ಅಂತೋನಿಯವರ ಹಬ್ಬಕ್ಕೆ ರಾಮೇಶ್ವರದಿಂದಲೂ ಜಾಫ್ನಾದಿಂದಲೂ ದೋಣಿಗಳು ಹೋಗುತ್ತವೆ. ಭಾರತದವರಿಗೆ ಪಾಸ್‌ಪೋರ್ಟ್ ಬೇಡ, 1974ರ ಒಪ್ಪಂದವೇ ಆ ಅವಕಾಶ ಕೊಟ್ಟಿದೆ. 285 ಎಕರೆಯ ಕುಡಿಯುವ ನೀರಿಲ್ಲದ ಆ ದ್ವೀಪದಲ್ಲಿ ಗೆರೆಯ ಎರಡೂ ಬದಿಯ ಮೀನುಗಾರರು ಒಂದೇ ಭಾಷೆಯಲ್ಲಿ ಪ್ರಾರ್ಥಿಸಿ, ರಾತ್ರಿ ಮರಳ ಮೇಲೆ ಮಲಗಿ, ಬೆಳಗ್ಗೆ ತಮ್ಮ ತಮ್ಮ ದಡಕ್ಕೆ ಮರಳುತ್ತಾರೆ.